ಅಸೆಂಬ್ಲಿ ಭಾಷೆಯನ್ನು ಓದಬಲ್ಲವರು ಇನ್ನೂ ಯಾಕೆ ಬೇಕು

ಮದ್ದೂರು ತಾಲ್ಲೂಕಿನ ಒಂದು ಕಬ್ಬಿನ ಗದ್ದೆಯ ಅಂಚಿನಲ್ಲಿ, ಕೊಳವೆಬಾವಿಯ ಪಕ್ಕದ ತಗಡಿನ ಪೆಟ್ಟಿಗೆಯೊಳಗಿದ್ದ ಆಟೋ ಸ್ಟಾರ್ಟರೊಂದು ಕೆಲವು ವರ್ಷಗಳ ಹಿಂದೆ ನನ್ನನ್ನು ಎರಡು ವಾರ ಕಾಡಿತು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ರೈತರು ನಿದ್ದೆಗೆಟ್ಟು ಗದ್ದೆಗೆ ಹೋಗದೆಯೇ ಮೋಟರ್ ತಾನಾಗಿ ಚಾಲೂ ಆಗಲಿ ಎಂದು ಮಾಡಿದ ಸಾಧನ ಅದು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಇಂಥ ಸಣ್ಣ ನಿಯಂತ್ರಕ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುವುದು ನನ್ನ ವೃತ್ತಿ. ಹಳೆಯ ಬೋರ್ಡುಗಳು ಮೂರು ವರ್ಷ ತೊಂದರೆಯಿಲ್ಲದೆ ನಡೆದಿದ್ದವು. ಹೊಸ ಕಂತಿನಲ್ಲಿ ಕಳಿಸಿದ ಪೆಟ್ಟಿಗೆಗಳು ಮಾತ್ರ ವಾರಕ್ಕೊಮ್ಮೆ ಫ್ಯೂಸ್ ಸುಡುತ್ತಿದ್ದವು. "ಮೊದ್ಲು ಚೆನ್ನಾಗೇ ಓಡ್ತಿತ್ತು ಸಾರ್, ಈ ಹೊಸ ಪೆಟ್ಗೆ ಬಂದ್ಮೇಲೇ ಪ್ಯೂಸ್ ಹೋಯ್ತಿರೋದು" ಎಂದು ಗದ್ದೆಯ ಯಜಮಾನರು ಹೇಳಿದಾಗ, ಪ್ರೋಗ್ರಾಮಿನ ಒಂದಕ್ಷರವನ್ನೂ ಬದಲಿಸಿಲ್ಲ ಎಂಬ ನನ್ನ ಉತ್ತರ ಪ್ರಾಮಾಣಿಕವಾಗಿಯೇ ಇತ್ತು.

ಸ್ಟಾರ್-ಡೆಲ್ಟಾ ಸ್ಟಾರ್ಟರಿನ ಕೆಲಸ ತಿಳಿದವರಿಗೆ ತೊಂದರೆಯ ಜಾಗ ಊಹಿಸುವುದು ಕಷ್ಟವಲ್ಲ. ದೊಡ್ಡ ಮೋಟರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಕಡಿಮೆ ಕರೆಂಟಿನಿಂದ ಎಬ್ಬಿಸಿ, ಕೆಲವು ಸೆಕೆಂಡುಗಳ ಬಳಿಕ ಡೆಲ್ಟಾ ಜೋಡಣೆಗೆ ಬದಲಿಸಬೇಕು. ಸ್ಟಾರ್ ಕಾಂಟ್ಯಾಕ್ಟರ್, ಎಂದರೆ ಆ ಜೋಡಣೆಯ ವಿದ್ಯುತ್ ಸ್ವಿಚ್, ಪೂರ್ತಿ ಬಿಟ್ಟ ಮೇಲೆಯೇ ಡೆಲ್ಟಾ ಕಾಂಟ್ಯಾಕ್ಟರ್ ಹಿಡಿಯಬೇಕು. ನಡುವೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆಯಾದರೂ ಖಚಿತವಾದ ಒಂದು ಬಿಡುವು ಇರಲೇಬೇಕು. ಆ ಬಿಡುವು ತಪ್ಪಿದರೆ ಎರಡೂ ಏಕಕಾಲಕ್ಕೆ ಹಿಡಿದು ಫೇಸುಗಳು ಒಂದಕ್ಕೊಂದು ನೇರವಾಗಿ ತಗುಲುತ್ತವೆ. ಒಂದು ಕಾಂಟ್ಯಾಕ್ಟರ್ ಇನ್ನೊಂದನ್ನು ತಡೆಯುವಂತೆ ಹಾಕುವ ಇಂಟರ್‌ಲಾಕ್ ವಯರಿಂಗ್ ಅಗ್ಗದ ಆ ಪೆಟ್ಟಿಗೆಯಲ್ಲಿ ಇರಲಿಲ್ಲ. ಬಿಡುವನ್ನು ಕಾಯುವ ಹೊಣೆ ಪೂರ್ತಿಯಾಗಿ ಪ್ರೋಗ್ರಾಮಿನದಾಗಿತ್ತು. ನಾನು ಅದನ್ನು ಸಿ ಭಾಷೆಯಲ್ಲಿ ಒಂದು ಖಾಲಿ ಸುತ್ತಾಗಿ ಬರೆದಿದ್ದೆ: ಇಷ್ಟು ಸಾವಿರ ಬಾರಿ ಎಣಿಸು, ಬೇರೇನೂ ಮಾಡಬೇಡ, ಆಮೇಲೆ ಮುಂದೆ ಹೋಗು. ಸಿ ಕಡತದಲ್ಲಿ ಆ ಸುತ್ತು ಕಣ್ಣಿಗೆ ಕಾಣುವಂತೆ ಇತ್ತು. ಕೊನೆಗೆ, ಸಿ ಕೋಡನ್ನು ಯಂತ್ರಸೂಚನೆಗಳಾಗಿ ಬದಲಿಸುವ ತಂತ್ರಾಂಶವಾದ ಕಂಪೈಲರ್ ಹೊರಹಾಕಿದ ಅಸೆಂಬ್ಲಿ ಪಟ್ಟಿಯನ್ನು, ಎಂದರೆ ಆ ಸೂಚನೆಗಳ ಪಟ್ಟಿಯನ್ನು, ತೆಗೆದು ಸಾಲುಸಾಲಾಗಿ ಓದಿದಾಗ, ಸ್ಟಾರ್ ಬಿಡು ಎಂಬ ಸೂಚನೆಯ ಮರುಸಾಲಿನಲ್ಲೇ ಡೆಲ್ಟಾ ಹಿಡಿ ಎಂಬ ಸೂಚನೆ ಇತ್ತು. ನಡುವಿನ ಸುತ್ತು ಇರಲೇ ಇಲ್ಲ. ಹೊಸ ಕಂತಿಗೆಂದು ನಾವು ಕಂಪೈಲರಿನ ಹೊಸ ಆವೃತ್ತಿಗೆ ಬದಲಾಗಿದ್ದೆವು. ಯಾವ ಫಲವನ್ನೂ ಕೊಡದ ಸುತ್ತು ವ್ಯರ್ಥವೆಂದು ತೀರ್ಮಾನಿಸಿ ಅದು ಅಳಿಸಿಹಾಕಿತ್ತು. ಭಾಷೆಯ ನಿಯಮದ ಪ್ರಕಾರ ಕಂಪೈಲರ್ ಮಾಡಿದ್ದು ಸರಿ. ತಪ್ಪು ನನ್ನದು.

ಈ ಘಟನೆಯಲ್ಲಿ ನಾನು ಅಸೆಂಬ್ಲಿಯ ಒಂದು ಸಾಲನ್ನೂ ಬರೆಯಲಿಲ್ಲ, ಓದಿದೆ ಅಷ್ಟೆ. ಅಸೆಂಬ್ಲಿ ಭಾಷೆ ಸತ್ತಿದೆಯೇ ಉಳಿದಿದೆಯೇ ಎಂದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಕಂಪನಿಗಳ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಚರ್ಚೆಯಲ್ಲಿ ಈ ವ್ಯತ್ಯಾಸವನ್ನು ಯಾರೂ ಸಾಕಷ್ಟು ಗಮನಿಸುವುದಿಲ್ಲ. ಅಸೆಂಬ್ಲಿಯಲ್ಲಿ ಇಡೀ ಪ್ರೋಗ್ರಾಂ ಬರೆಯುವವರ ಸಂಖ್ಯೆ ಕುಸಿದಿರುವುದು ನಿಜ, ಅದು ಕುಸಿಯಬೇಕಾದದ್ದೂ ಸರಿ. ಆದರೆ ಅದನ್ನು ಓದಬೇಕಾದ ಸಂದರ್ಭಗಳು ಈಗ ಹಿಂದೆಂದಿಗಿಂತ ಹೆಚ್ಚಾಗಿವೆ. ಓದಬಲ್ಲವರನ್ನು ತಯಾರು ಮಾಡುವ ನಮ್ಮ ಪಾಠಕ್ರಮ ಮಾತ್ರ ಇನ್ನೂ ಬರೆಯುವವರಿಗಾಗಿಯೇ ಇದೆ.

ವಿಷಯ ಹೊಸದಾಗಿರುವವರಿಗಾಗಿ ಮೊದಲು ಅಸೆಂಬ್ಲಿ ಎಂದರೇನು ಎಂಬುದನ್ನು ಹೇಳಬೇಕು. ಪ್ರೊಸೆಸರಿಗೆ ತಿಳಿಯುವುದು ಅಂಕಿಗಳು ಮಾತ್ರ. 1976ರಲ್ಲಿ ಬಂದ ಇಂಟೆಲ್ 8085 ಪ್ರೊಸೆಸರಿನ ತರಬೇತಿ ಕಿಟ್ಟುಗಳಲ್ಲಿ, ನಮ್ಮ ತಲೆಮಾರಿನ ಡಿಪ್ಲೊಮಾ ವಿದ್ಯಾರ್ಥಿಗಳು ಕೀಲಿಮಣೆಯಲ್ಲಿ 78, 80, 76 ಎಂದು ಒತ್ತಿ ಪ್ರೋಗ್ರಾಂ ಕೊಡುತ್ತಿದ್ದರು. ಹದಿನಾರರ ಎಣಿಕೆಯಲ್ಲಿರುವ ಆ ಮೂರು ಅಂಕಿಗಳಲ್ಲಿ 78 ಎಂದರೆ ಬಿ ರಿಜಿಸ್ಟರಿನಲ್ಲಿರುವುದನ್ನು ಎ ರಿಜಿಸ್ಟರಿಗೆ ನಕಲು ಮಾಡು, 80 ಎಂದರೆ ಎ ಜೊತೆಗೆ ಬಿಯನ್ನು ಕೂಡು, 76 ಎಂದರೆ ನಿಲ್ಲು. ಬಿಯಲ್ಲಿ 5 ಇದ್ದರೆ ಕೊನೆಗೆ ಎಯಲ್ಲಿ, ನಮ್ಮ ಸಾಮಾನ್ಯ ಎಣಿಕೆಯ ಪ್ರಕಾರ, 10 ಇರುತ್ತದೆ. ಈ ಅಂಕಿಗಳ ಬದಲು ಮೂವ್, ಆ್ಯಡ್, ಹಾಲ್ಟ್ ಎಂದು ನೆನಪಿನಲ್ಲಿ ಉಳಿಯುವ ಹೆಸರುಗಳಿಂದ ಬರೆಯುವುದೇ ಅಸೆಂಬ್ಲಿ ಭಾಷೆ. ಆ ಹೆಸರುಗಳನ್ನು ಅಂಕಿಗಳಾಗಿ ಬದಲಿಸುವ ತಂತ್ರಾಂಶ ಅಸೆಂಬ್ಲರ್. ಒಂದು ಸಾಲಿಗೆ ಒಂದು ಯಂತ್ರಸೂಚನೆ, ಹೆಚ್ಚೂಕಡಿಮೆ ಅಷ್ಟೇ ಲೆಕ್ಕ. ರಿಜಿಸ್ಟರ್ ಎಂದರೆ ಅಡುಗೆಕಟ್ಟೆಯ ಮೇಲೆ ಕೈಗೆ ಸಿಗುವಂತೆ ಇಟ್ಟುಕೊಂಡ ಬಟ್ಟಲು, ಮೆಮೊರಿ ಎಂದರೆ ಮನೆಯ ಹಿಂದಿನ ಕಣಜ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು: ಬಟ್ಟಲು ಕೆಲವೇ ಇರುತ್ತವೆ, ಕಣಜ ದೊಡ್ಡದು, ಕಣಜಕ್ಕೆ ಹೋಗಿಬರಲು ಹೊತ್ತು ಬೇಕು. ಪ್ರೋಗ್ರಾಮಿನ ವೇಗದ ವಿಚಾರದಲ್ಲಿ ಮುಂದೆ ಕಲಿಯುವ ಬಹುಪಾಲು ಸಂಗತಿ ಈ ಹೋಗಿಬರುವಿಕೆಯನ್ನು ಕುರಿತದ್ದೇ ಆಗಿರುತ್ತದೆ.

ಇಂಥ ಸಂಕೇತಕ್ರಮದ ಮೊದಲ ರೂಪವನ್ನು ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಕೆಲಸ ಮಾಡುತ್ತಿದ್ದ ಕ್ಯಾಥ್ಲೀನ್ ಬೂತ್ ಅವರು ಕಟ್ಟಿದ್ದು 1947ರಲ್ಲಿ. ಮುಂದಿನ ಎರಡು ಮೂರು ದಶಕ ಕಾರ್ಯಾಚರಣ ವ್ಯವಸ್ಥೆಯಂಥ ಆಳದ ತಂತ್ರಾಂಶದ ಬಹುಪಾಲು ಇದರಲ್ಲೇ ಬರೆಯಲ್ಪಟ್ಟಿತು. 1973ರಲ್ಲಿ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಸಿ ಭಾಷೆಗೆ ಬದಲಿಸಿ ಬರೆದ ಮೇಲೆ, ಆಳದ ತಂತ್ರಾಂಶಕ್ಕೂ ಅಸೆಂಬ್ಲಿಯೇ ಬೇಕು ಎಂಬ ವಾದ ಸಡಿಲವಾಯಿತು. ಒಂದು ಪ್ರೊಸೆಸರಿಗೆ ಬರೆದ ಅಸೆಂಬ್ಲಿ ಇನ್ನೊಂದಕ್ಕೆ ನಡೆಯುವುದಿಲ್ಲ. ಹತ್ತು ಸಾಲಿನ ಸಿ ಪ್ರೋಗ್ರಾಮಿಗೆ ಐವತ್ತು ನೂರು ಸಾಲು ಬೇಕಾಗುತ್ತದೆ. ಬರೆದವರು ಕೆಲಸ ಬಿಟ್ಟು ಹೋದರೆ ಉಳಿದವರಿಗೆ ಅದು ಕಗ್ಗಂಟು. ಇಂದಿನ ಕಂಪೈಲರುಗಳು ಸಾಮಾನ್ಯ ಪ್ರೋಗ್ರಾಮರ್ ಕೈಯಿಂದ ಬರೆಯುವ ಅಸೆಂಬ್ಲಿಗಿಂತ ಉತ್ತಮವಾದದ್ದನ್ನೇ ಬಹುಪಾಲು ಸಂದರ್ಭಗಳಲ್ಲಿ ಕೊಡುತ್ತವೆ ಎಂಬುದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು. ಹಾಲಿನ ಡೇರಿಯ ತೂಕದ ಯಂತ್ರಕ್ಕೋ ಬೀದಿದೀಪದ ಟೈಮರಿಗೋ ಇಂದು ಪೂರ್ತಿ ಅಸೆಂಬ್ಲಿಯಲ್ಲಿ ಪ್ರೋಗ್ರಾಂ ಬರೆಯಲು ಹೊರಟ ಕಿರಿಯರನ್ನು ನಾನೇ ತಡೆದಿದ್ದೇನೆ.

ಹಾಗಿದ್ದೂ ಇಂದಿಗೂ ಅಸೆಂಬ್ಲಿಯಲ್ಲೇ ಬರೆಯುವ ಕೆಲವು ಜಾಗಗಳಿವೆ, ಅವು ಗಾತ್ರದಲ್ಲಿ ಸಣ್ಣವಾದರೂ ಎಲ್ಲರ ಬದುಕಿನ ಕೆಳಗೆ ಅಡಿಗಲ್ಲಿನಂತೆ ಇವೆ. ಮೊಬೈಲ್ ಚಾಲೂ ಮಾಡಿದ ಮೊದಲ ಕ್ಷಣದಲ್ಲಿ ಸಿ ಭಾಷೆಗೆ ಬೇಕಾದ ಸ್ಟ್ಯಾಕ್ (ತಾತ್ಕಾಲಿಕ ವಿವರಗಳನ್ನು ಪೇರಿಸಿಡುವ ಮೆಮೊರಿಯ ಜಾಗ) ಕೂಡ ಇನ್ನೂ ಸಿದ್ಧವಾಗಿರುವುದಿಲ್ಲ. ಅದನ್ನು ಸಿದ್ಧಪಡಿಸುವ ಸಾಲುಗಳನ್ನು ಅಸೆಂಬ್ಲಿಯಲ್ಲೇ ಬರೆಯಬೇಕು. ಒಂದು ಪ್ರೋಗ್ರಾಮನ್ನು ನಿಲ್ಲಿಸಿ ಇನ್ನೊಂದಕ್ಕೆ ಪ್ರೊಸೆಸರನ್ನು ಒಪ್ಪಿಸುವಾಗ ಎಲ್ಲ ರಿಜಿಸ್ಟರುಗಳನ್ನು ತೆಗೆದಿರಿಸಿ ಬೇರೆಯವನ್ನು ತುಂಬುವ ಕೆಲಸವೂ ಹಾಗೆಯೇ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳಿನಲ್ಲಿ ಪ್ರತಿ ಪ್ರೊಸೆಸರ್ ಕುಟುಂಬಕ್ಕೂ ಇಂಥ ಒಂದು ಸಣ್ಣ ಅಸೆಂಬ್ಲಿ ಭಾಗ ಇದ್ದೇ ಇದೆ. 1964ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಂ/360 ಪರಂಪರೆಯ ದೊಡ್ಡ ಕಂಪ್ಯೂಟರುಗಳಾದ ಮೇನ್‌ಫ್ರೇಮುಗಳಲ್ಲಿ, ಅಮೆರಿಕದ ತೆರಿಗೆ ಇಲಾಖೆಯ ಕಡತ ವ್ಯವಸ್ಥೆಯೂ ಸೇರಿದಂತೆ, ದಶಕಗಳ ಹಿಂದೆ ಬರೆದ ಅಸೆಂಬ್ಲಿ ನಮ್ಮ ಕಾಲದವರೆಗೂ ದುಡಿಯುತ್ತ ಬಂದಿದೆ.

ವೇಗದ ಅಗತ್ಯ ಇನ್ನೊಂದು ಬಗೆಯದು. ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಮೊಬೈಲ್ ಹಿಡಿದು ವಿಡಿಯೊ ನೋಡುತ್ತ ಕೂತವರನ್ನು ಗಮನಿಸಿ. 1920ಕ್ಕೆ 1080ರ ಚಿತ್ರವೊಂದರಲ್ಲಿ 20,73,600 ಚುಕ್ಕೆಗಳಿರುತ್ತವೆ. ಸೆಕೆಂಡಿಗೆ 30 ಚಿತ್ರ ಎಂದರೆ ಆರು ಕೋಟಿಗೂ ಮಿಕ್ಕಿದ ಚುಕ್ಕೆಗಳನ್ನು ಪ್ರತಿ ಸೆಕೆಂಡೂ ಲೆಕ್ಕ ಹಾಕಿ ಪರದೆಗೆ ತರಬೇಕು. ಬಹಳಷ್ಟು ಫೋನುಗಳಲ್ಲಿ ಇದಕ್ಕೆ ಪ್ರತ್ಯೇಕ ಯಂತ್ರಾಂಶ ಇರುತ್ತದೆ. ಅದಿಲ್ಲದ ಕಡೆ, ಅಥವಾ ಹೊಸ ವಿಡಿಯೊ ಮಾದರಿಯನ್ನು ಹಳೆಯ ಫೋನು ತೆರೆಯಬೇಕಾದಾಗ, ತಂತ್ರಾಂಶವೇ ಆ ಭಾರ ಹೊರಬೇಕು. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದ ಬಳಗದವರೂ ಎವಿ1 ಎಂಬ ವಿಡಿಯೊ ಮಾದರಿಗೆ ಡೇವಿಡ್ ಎಂಬ ಡಿಕೋಡರ್ ಬರೆದ ವಿಡಿಯೊಲ್ಯಾನ್ ಬಳಗದವರೂ ಇದಕ್ಕಾಗಿ ಇಂದಿಗೂ ಕೈಯಿಂದಲೇ ಅಸೆಂಬ್ಲಿ ಬರೆಯುತ್ತಾರೆ. ಡೇವಿಡ್‌ನಲ್ಲಿ ಸಿ ಭಾಷೆಯ ಸಾಲುಗಳಿಗಿಂತ ಅಸೆಂಬ್ಲಿಯ ಸಾಲುಗಳೇ ಹೆಚ್ಚು. ಕಾರಣ ಸರಳ: ಒಂದೇ ಸೂಚನೆಯಿಂದ ಹದಿನಾರೋ ಮೂವತ್ತೆರಡೋ ಅರವತ್ತನಾಲ್ಕೋ ಬೈಟುಗಳ ಮೇಲೆ ಒಟ್ಟಿಗೆ ಲೆಕ್ಕ ಮಾಡುವ ಶಕ್ತಿ ಇಂದಿನ ಪ್ರೊಸೆಸರುಗಳಿಗಿದೆ, ಆದರೆ ಸಾಮಾನ್ಯ ಸಿ ಕೋಡಿನಿಂದ ಆ ಶಕ್ತಿಯನ್ನು ಪೂರ್ತಿ ಹಿಂಡಿ ತೆಗೆಯುವುದು ಕಂಪೈಲರಿಗೆ ಸಾಧ್ಯವಾಗುತ್ತಿಲ್ಲ. 2024ರ ನವೆಂಬರಿನಲ್ಲಿ ಒಂದು ನಿರ್ದಿಷ್ಟ ಕಾರ್ಯಭಾಗವನ್ನು ಒಮ್ಮೆಗೆ ಅರವತ್ತನಾಲ್ಕು ಬೈಟುಗಳ ಮೇಲೆ ಲೆಕ್ಕ ಮಾಡುವ ಎವಿಎಕ್ಸ್-512 ಸೂಚನೆಗಳಲ್ಲಿ ಕೈಯಿಂದ ಬರೆದು, ಸಾದಾ ಸಿ ರೂಪಕ್ಕಿಂತ 94 ಪಟ್ಟು ವೇಗ ಪಡೆದುದಾಗಿ ಎಫ್‌ಎಫ್‌ಎಂಪೆಗ್ ಬಳಗ ಹೇಳಿತು. ಆ ಸಂಖ್ಯೆ ಇಡೀ ತಂತ್ರಾಂಶಕ್ಕೆ ಸಂಬಂಧಿಸಿದ್ದಲ್ಲ, ಒಂದು ಸಣ್ಣ ಭಾಗಕ್ಕೆ ಮಾತ್ರ ಎಂಬುದನ್ನು ಮರೆತು ಅದನ್ನು ಹರಡಿದವರು ಬಹಳ ಮಂದಿ. ಆದರೂ ಕೋಟಿಗಟ್ಟಲೆ ಸಲ ನಡೆಯುವ ಸಣ್ಣ ಭಾಗದಲ್ಲಿ ಉಳಿದ ಸಮಯ ಬ್ಯಾಟರಿಯ ಉಳಿತಾಯವೇ ಆಗುತ್ತದೆ.

ಬ್ಯಾಟರಿಯ ಮಾತು ಬಂದಾಗ ನನಗೆ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನೆನಪಾಗುತ್ತದೆ. ಅಲ್ಲಿಗೆ ಬರುವ ಮಕ್ಕಳ, ಹಿರಿಯರ ಕಿವಿಯ ಹಿಂದೆ ಕೂರುವ ಶ್ರವಣ ಸಾಧನದೊಳಗೆ ಒಂದು ಪುಟ್ಟ ಕಂಪ್ಯೂಟರೇ ಇದೆ. ಸುಮಾರು 1.4 ವೋಲ್ಟಿನ, ಗುಂಡಿಯಷ್ಟೇ ದೊಡ್ಡದಾದ ಬ್ಯಾಟರಿಯಿಂದ ಅದು ದಿನಗಟ್ಟಲೆ ಓಡಬೇಕು. ಒಳಬಂದ ಶಬ್ದವನ್ನು ಪಟ್ಟಿಪಟ್ಟಿಯಾಗಿ ಬಿಡಿಸಿ, ಬೇಕಾದ್ದನ್ನು ಹಿಗ್ಗಿಸಿ, ಗದ್ದಲವನ್ನು ತಗ್ಗಿಸಿ, ಕೆಲವೇ ಮಿಲಿಸೆಕೆಂಡುಗಳೊಳಗೆ ಕಿವಿಗೆ ಮುಟ್ಟಿಸಬೇಕು. ತಡವಾದರೆ ತನ್ನ ದನಿಯೇ ತನಗೆ ಪ್ರತಿಧ್ವನಿಯಂತೆ ಕೇಳಿಸತೊಡಗುತ್ತದೆ. ಇಂಥ ಕಡೆ ಒಂದೊಂದು ಸೂಚನೆಗೂ ಲೆಕ್ಕ ಕೊಡಬೇಕಾಗುತ್ತದೆ.

ವೇಗಕ್ಕಿಂತ ನನಗೆ ಹೆಚ್ಚು ಮುಖ್ಯವೆನಿಸುವುದು ಗೂಢಲಿಪಿಯ ವಿಚಾರ, ಏಕೆಂದರೆ ಅಲ್ಲಿ ಸರಿಯಾದ ಉತ್ತರ ಕೊಡುವ ಪ್ರೋಗ್ರಾಮೂ ತಪ್ಪಾಗಿರಬಹುದು. ಒಂದು ಗುಪ್ತಪದವನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ, ಮೊದಲ ತಪ್ಪು ಸಿಕ್ಕ ಕೂಡಲೇ ನಿಲ್ಲುವ ಪ್ರೋಗ್ರಾಂ ಇದೆಯೆನ್ನಿ. ಮೊದಲ ಅಕ್ಷರ ತಪ್ಪಿದ್ದರೆ ಅದು ಬೇಗ ಇಲ್ಲ ಎನ್ನುತ್ತದೆ, ಐದನೆಯದು ತಪ್ಪಿದ್ದರೆ ತುಸು ತಡವಾಗಿ ಇಲ್ಲ ಎನ್ನುತ್ತದೆ. ಆ ತಡವನ್ನು ಅಳೆಯಬಲ್ಲ ಕಳ್ಳ ಒಂದೊಂದೇ ಅಕ್ಷರವನ್ನು ಪತ್ತೆ ಮಾಡುತ್ತಾನೆ. ಇದನ್ನು ತಡೆಯಲೆಂದೇ ಗೂಢಲಿಪಿ ತಂತ್ರಾಂಶವನ್ನು, ಗುಟ್ಟು ಏನೇ ಇದ್ದರೂ ಒಂದೇ ಸಮಯ ತೆಗೆದುಕೊಳ್ಳುವಂತೆ, ಗುಟ್ಟಿನ ಮೇಲೆ ಕವಲೊಡೆಯುವ ಯಾವ ಜಂಪ್ ಸೂಚನೆಯೂ (ಬೇರೆ ಸಾಲಿಗೆ ಹಾರು ಎನ್ನುವ ಸೂಚನೆ) ಇಲ್ಲದಂತೆ ಬರೆಯುತ್ತಾರೆ. ಕಷ್ಟವೇನೆಂದರೆ, ಸಿ ಭಾಷೆಯಲ್ಲಿ ಸಮಯ ಎಂಬ ಪರಿಕಲ್ಪನೆಯೇ ಇಲ್ಲ. ಕೊನೆಯ ಉತ್ತರ ಸರಿಯಿದ್ದರೆ ಸಾಕು, ದಾರಿ ಯಾವುದಾದರೇನು ಎಂಬುದೇ ಕಂಪೈಲರ್ ಬಲ್ಲ ನ್ಯಾಯ. ನನ್ನ ಸ್ಟಾರ್ಟರಿನ ಬಿಡುವನ್ನು ಅಳಿಸಿದ ನ್ಯಾಯವೂ ಅದೇ.

2024ರಲ್ಲಿ ಇದರ ಒಂದು ಸ್ಪಷ್ಟ ನಿದರ್ಶನ ಸಿಕ್ಕಿತು. ಮುಂದೆ ಬರಬಹುದಾದ ಕ್ವಾಂಟಮ್ ಕಂಪ್ಯೂಟರುಗಳಿಗೂ ಬಗ್ಗದ ಗೂಢಲಿಪಿಯೆಂದು ಕೈಬರ್ ಪದ್ಧತಿಯನ್ನು ಅಮೆರಿಕದ ಮಾನಕ ಸಂಸ್ಥೆ ಆರಿಸಿಕೊಂಡಿತ್ತು. ಆ ವರ್ಷದ ಆಗಸ್ಟಿನಲ್ಲಿ ಅದು ಅಧಿಕೃತ ಮಾನಕವಾಗಿ ಪ್ರಕಟವಾಯಿತು. ಅದರ ಮಾದರಿ ಸಿ ಕೋಡನ್ನು ಪರಿಣತರು ಎಚ್ಚರದಿಂದಲೇ ಬರೆದಿದ್ದರು: ಸಂದೇಶದ ಪ್ರತಿ ಬಿಟ್ಟಿಗೂ ಇದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ ಎಂದು ಕವಲೊಡೆಯದೆ, ಬಿಟ್ಟುಗಳಿಗೆ ಮುಸುಕು ಹಾಕುವ ಲೆಕ್ಕದಿಂದಲೇ ಕೆಲಸ ಮುಗಿಸುವ ಸಾಲುಗಳು ಅವು. ಆದರೆ ಕ್ಲ್ಯಾಂಗ್ ಕಂಪೈಲರಿನ ಕೆಲವು ಆವೃತ್ತಿಗಳು, ಕೆಲವು ಆಯ್ಕೆಗಳಲ್ಲಿ, ಆ ಮುಸುಕಿನ ಹಿಂದಿರುವುದು ಒಂದೇ ಬಿಟ್ ಎಂಬುದನ್ನು ಗುರುತಿಸಿ, ಇದಕ್ಕಿಂತ ಒಂದು ಜಂಪ್ ಹಾಕಿದರೆ ಸುಲಭ ಎಂದು ತೀರ್ಮಾನಿಸಿ, ಗುಟ್ಟಿನ ಮೇಲೆ ಕವಲೊಡೆಯುವ ಸೂಚನೆಯನ್ನು ತಾವಾಗಿ ಹೊರಹಾಕುತ್ತಿದ್ದವು. ಆ ಸಮಯದ ವ್ಯತ್ಯಾಸವನ್ನು ಅಳೆದೇ ಗುಪ್ತ ಕೀಲಿಯನ್ನು ಹೊರತೆಗೆಯಬಹುದೆಂದು ಸಂಶೋಧಕರು ಮಾಡಿ ತೋರಿಸಿದರು. ಸಿ ಕಡತವನ್ನು ನೂರು ಸಲ ಓದಿದರೂ ಈ ದೋಷ ಕಾಣುವುದಿಲ್ಲ, ಏಕೆಂದರೆ ಅದು ಸಿ ಕಡತದಲ್ಲಿ ಇಲ್ಲ. ಪರಿಹಾರವಾಗಿ ಆ ಕಾರ್ಯಭಾಗವನ್ನು ಬೇರೆ ಕಡತಕ್ಕೆ ಸರಿಸಿ ಕಂಪೈಲರಿನ ಕಣ್ಣಿಗೆ ಬೀಳದಂತೆ ಮಾಡಲಾಯಿತು. ಆಮೇಲೂ, ಹೊರಬಂದ ಅಸೆಂಬ್ಲಿಯನ್ನು ಮನುಷ್ಯರು ಓದಿ ಖಚಿತಪಡಿಸಿಕೊಳ್ಳುವುದಕ್ಕೆ ಬದಲಿ ಇಲ್ಲ. ಗೂಢಲಿಪಿ ಗ್ರಂಥಾಲಯಗಳು, ಎಂದರೆ ಬೇರೆ ಪ್ರೋಗ್ರಾಮುಗಳು ಬಳಸುವ ಸಿದ್ಧ ಕೋಡಿನ ಸಂಗ್ರಹಗಳು, ತಮ್ಮ ಒಳತಿರುಳನ್ನು ಇಂದಿಗೂ ಅಸೆಂಬ್ಲಿಯಲ್ಲಿ ಇಟ್ಟುಕೊಂಡಿರುವುದಕ್ಕೆ ವೇಗದಷ್ಟೇ ಈ ಭಯವೂ ಕಾರಣ. ತರಕಾರಿ ಅಂಗಡಿಯಲ್ಲಿ ನಾವು ಯುಪಿಐ ಮೂಲಕ ಇಪ್ಪತ್ತು ರೂಪಾಯಿ ಕಳಿಸುವಾಗಲೂ ಬ್ಯಾಂಕಿನವರೆಗಿನ ದಾರಿಯನ್ನು ಕಾಯುವುದು ಇಂಥ ತಿರುಳುಗಳೇ.

ಅದೇ ವರ್ಷದ ಮಾರ್ಚ್ 29ರಂದು ಬಯಲಾದ ಎಕ್ಸ್‌ಜೆಡ್ ಪ್ರಕರಣ ಓದುವಿಕೆಯ ಇನ್ನೊಂದು ಮುಖವನ್ನು ತೋರಿಸಿತು. ಲಿನಕ್ಸ್ ಲೋಕದಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಒಂದು ಕಡತ-ಸಂಕೋಚನ ಗ್ರಂಥಾಲಯದೊಳಗೆ, ಅದನ್ನು ನೋಡಿಕೊಳ್ಳುವ ಹೊಣೆಯನ್ನು ನಿಧಾನವಾಗಿ ಸಂಪಾದಿಸಿಕೊಂಡ ಯಾರೋ, ಗುಟ್ಟಾಗಿ ಯಂತ್ರದೊಳಗೆ ನುಗ್ಗಲು ಹಿಂಬಾಗಿಲೊಂದನ್ನು ಸೇರಿಸಿದ್ದರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಯಂತ್ರಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂಬುದನ್ನು ಗಮನಿಸಿ, ಬೆನ್ನುಹತ್ತಿ ಅದನ್ನು ಪತ್ತೆಹಚ್ಚಿದರು. ದುರುದ್ದೇಶದ ಆ ಭಾಗ ಓದಬಲ್ಲ ಮೂಲ ಕೋಡಿನಲ್ಲಿ ಇರಲೇ ಇಲ್ಲ. ಪರೀಕ್ಷೆಗೆಂದು ಇಟ್ಟ ಕಡತಗಳೊಳಗೆ ಕಂಪೈಲ್ ಆದ ರೂಪದಲ್ಲಿ ಅಡಗಿತ್ತು. ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಆದ್ದರಿಂದ ಸುರಕ್ಷಿತ ಎಂಬ ಸಮಾಧಾನ ಅಂದು ಸಾಲದಾಯಿತು. ಅದು ನಿಜವಾಗಿ ಏನು ಮಾಡುತ್ತಿತ್ತು ಎಂಬುದನ್ನು ಮುಂದಿನ ದಿನಗಳಲ್ಲಿ ಜಗತ್ತಿನ ಬೇರೆ ಬೇರೆ ಮೂಲೆಗಳ ಪರಿಣತರು ಯಂತ್ರಸೂಚನೆಗಳನ್ನು ಮರಳಿ ಅಸೆಂಬ್ಲಿಗೆ ತಿರುಗಿಸಿ ಓದಿಯೇ ತಿಳಿದುಕೊಂಡರು. ಸೈಬರ್ ಭದ್ರತೆಯ ಕೋರ್ಸುಗಳಿಗೆ ಮೈಸೂರಿನಲ್ಲಿ ಈಗ ಬೇಡಿಕೆ ಹೆಚ್ಚಿದೆ. ಆದರೆ ಉಪಕರಣವೊಂದರ ಗುಂಡಿ ಒತ್ತಿ ವರದಿ ತೆಗೆಯುವುದನ್ನು ಮಾತ್ರ ಕಲಿತವರಿಂದ ಇಂಥ ಕೆಲಸ ಆಗುವುದಿಲ್ಲ.

ಓದುವ ಶಕ್ತಿಯಿಂದಲೇ ಉಳಿದ ಒಂದು ನೌಕೆಯ ಕಥೆಯನ್ನೂ ಹೇಳದೆ ಇರಲಾರೆ. 1977ರ ಸೆಪ್ಟೆಂಬರಿನಲ್ಲಿ ಹೊರಟ ವಾಯೇಜರ್ 1, ಭೂಮಿಯಿಂದ 2,400 ಕೋಟಿ ಕಿಲೋಮೀಟರಿಗೂ ದೂರದಲ್ಲಿದ್ದಾಗ, 2023ರ ನವೆಂಬರಿನಲ್ಲಿ ಅರ್ಥವಿಲ್ಲದ ದತ್ತಾಂಶ ಕಳಿಸತೊಡಗಿತು. ದತ್ತಾಂಶವನ್ನು ಕಟ್ಟಿ ಕಳಿಸುವ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದು ಚಿಪ್ ಕೆಟ್ಟಿತ್ತು; ಅದರಲ್ಲಿದ್ದ ಕೋಡನ್ನು ಪೂರ್ತಿಯಾಗಿ ಹಿಡಿಸುವಷ್ಟು ದೊಡ್ಡ ಖಾಲಿ ಜಾಗ ಬೇರೆಲ್ಲೂ ಒಂದೇ ಕಡೆ ಇರಲಿಲ್ಲ. ನಾಸಾದ ಎಂಜಿನಿಯರುಗಳು ದಶಕಗಳ ಹಿಂದಿನ ಆ ಅಸೆಂಬ್ಲಿ ಕೋಡನ್ನು ಬಿಡಿಸಿ ಓದಿ, ತುಂಡು ತುಂಡಾಗಿ ವಿಂಗಡಿಸಿ, ಬೇರೆ ಬೇರೆ ಸಂದುಗಳಲ್ಲಿ ಕೂರಿಸಿ, ಒಂದು ತುಂಡು ಇನ್ನೊಂದನ್ನು ಕರೆಯುವ ವಿಳಾಸಗಳನ್ನೆಲ್ಲ ತಿದ್ದಿದರು. 2024ರ ಏಪ್ರಿಲ್ 18ರಂದು ಕಳಿಸಿದ ಆ ತಿದ್ದುಪಡಿ ನೌಕೆಯನ್ನು ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ ಹೊತ್ತು ಬೇಕಾಯಿತು. ಏಪ್ರಿಲ್ 20ರಂದು ನೌಕೆಯ ಸ್ಥಿತಿಗತಿಯ ವಿವರ ಸರಿಯಾಗಿ ಬಂದಿತು.

ನಮ್ಮ ದೇಶದ ಮಟ್ಟಿಗೆ ಇದು ಬೇರೆಯವರ ಕಥೆಯಾಗಿ ಉಳಿದಿಲ್ಲ. ಇಸ್ರೋದ ವಿಕ್ರಂ ಸಾರಾಭಾಯ್ ಬಾಹ್ಯಾಕಾಶ ಕೇಂದ್ರವೂ ಚಂಡೀಗಢದ ಸೆಮಿಕಂಡಕ್ಟರ್ ಲ್ಯಾಬೊರೇಟರಿಯೂ ಸೇರಿ ರೂಪಿಸಿದ ವಿಕ್ರಂ 3201 ಎಂಬ 32 ಬಿಟ್ ಪ್ರೊಸೆಸರ್ 2025ರ ಮಾರ್ಚಿನಲ್ಲಿ ಹೊರಬಂದಿತು. ಅದರ ಹಿರಿಯ, 16 ಬಿಟ್ಟಿನ ವಿಕ್ರಂ 1601, 2009ರಿಂದ ನಮ್ಮ ರಾಕೆಟುಗಳಲ್ಲಿ ದುಡಿಯುತ್ತ ಬಂದಿದೆ. 3201ಕ್ಕೆ ತನ್ನದೇ ಸೂಚನಾ ಸಮೂಹ, ಎಂದರೆ ಅದು ಬಲ್ಲ ಯಂತ್ರಸೂಚನೆಗಳ ಪಟ್ಟಿ, ಇದೆ. ಹೊಸ ಸೂಚನಾ ಸಮೂಹ ಎಂದರೆ ಅದಕ್ಕೆ ಅಸೆಂಬ್ಲರ್, ಲಿಂಕರ್, ಸಿಮ್ಯುಲೇಟರ್, ಕಂಪೈಲರ್ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಇಸ್ರೋ ಆ ಉಪಕರಣಗಳನ್ನು ತಾನೇ ಕಟ್ಟಿಕೊಂಡಿತು. ಮದ್ರಾಸ್ ಐಐಟಿಯ ಶಕ್ತಿ, ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿಡಾಕ್‌ನ ವೇಗ ಪ್ರೊಸೆಸರುಗಳು ರಿಸ್ಕ್-ಫೈವ್ ಎಂಬ ಮುಕ್ತ ಸೂಚನಾ ಸಮೂಹವನ್ನು ಹಿಡಿದು ಬಂದವು. ನಮ್ಮದೇ ಚಿಪ್ ಬೇಕು ಎಂದು ಹೇಳುವ ದೇಶಕ್ಕೆ ಅದರ ಸೂಚನೆಗಳನ್ನು ಬಲ್ಲ ಜನವೂ ಬೇಕಲ್ಲವೇ? ಎಲೆಕ್ಟ್ರಾನಿಕ್ಸ್ ಬೋರ್ಡು ತಯಾರಿಸುವ ಕೇನ್ಸ್ ಟೆಕ್ನಾಲಜಿಯಂಥ ಕಂಪನಿಯ ಕೇಂದ್ರ ಮೈಸೂರಿನಲ್ಲೇ ಇರುವಾಗ, ಬೋರ್ಡಿನ ಮೇಲೆ ಕೂರುವ ಚಿಪ್ಪಿನ ಒಳಭಾಷೆ ನಮ್ಮ ಹುಡುಗರಿಗೆ ಪರಕೀಯವಾಗಿ ಉಳಿಯಬಾರದು.

ಕೃತಕ ಬುದ್ಧಿಮತ್ತೆಯೇ ಕೋಡ್ ಬರೆಯುವ ಕಾಲದಲ್ಲಿ ಇದೆಲ್ಲ ಯಾಕೆ ಎಂಬ ಪ್ರಶ್ನೆಯನ್ನು ನಾನು ಪಾಠ ಮಾಡುವ ಕಡೆಗಳಲ್ಲೆಲ್ಲ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. 2023ರ ಜೂನಿನಲ್ಲಿ ಗೂಗಲ್ ಡೀಪ್‌ಮೈಂಡ್ ಪ್ರಕಟಿಸಿದ ಆಲ್ಫಾಡೆವ್, ಮೂರು ನಾಲ್ಕು ಐದು ಸಂಖ್ಯೆಗಳನ್ನು ಕ್ರಮದಲ್ಲಿ ಜೋಡಿಸುವ ಪುಟ್ಟ ಕಾರ್ಯಭಾಗಗಳನ್ನು ಅಸೆಂಬ್ಲಿ ಸೂಚನೆಗಳ ಮಟ್ಟದಲ್ಲೇ ಹುಡುಕಿ, ಕೆಲವಕ್ಕೆ ಮನುಷ್ಯರು ವರ್ಷಗಟ್ಟಲೆ ತಿದ್ದಿದ ರೂಪಕ್ಕಿಂತ ಚಿಕ್ಕದಾದ ರೂಪವನ್ನು ಕಂಡುಕೊಂಡಿತು. ಅದು ಎಲ್‌ಎಲ್‌ವಿಎಂ ಕಂಪೈಲರಿನ ಗ್ರಂಥಾಲಯವನ್ನು ಸೇರಿ ಬಳಕೆಗೂ ಬಂದಿತು. ಬರೆಯುವುದರಲ್ಲಿ ಯಂತ್ರ ಮನುಷ್ಯನನ್ನು ಮೀರಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಮೂರು ಸಂಖ್ಯೆಗಳ ಜೋಡಣೆಯಲ್ಲಿ ಉಳಿತಾಯವಾದದ್ದು ಒಂದೇ ಒಂದು ಸೂಚನೆ, ಅದು ಸರಿಯಾದ ಉಳಿತಾಯ ಎಂದು ತಿಳಿಯಲು ಯಾರೋ ಆ ಹದಿನೇಳು ಹದಿನೆಂಟು ಸಾಲುಗಳನ್ನು ಓದಬೇಕಿತ್ತು. ಕೋಡ್ ಬರೆಯುವ ಖರ್ಚು ಇಳಿದಷ್ಟೂ ಯಾರೂ ಓದದ ಕೋಡ್ ರಾಶಿ ಬೀಳುತ್ತದೆ, ಅದರಲ್ಲಿ ನಡುವಿನ ಬಿಡುವು ಇದೆಯೇ ಇಲ್ಲವೇ ಎಂದು ಕೊನೆಯ ಮೆಟ್ಟಿಲಿನಲ್ಲಿ ನಿಂತು ನೋಡಬಲ್ಲವರ ಬೆಲೆ ಏರುತ್ತದೆ. ನಾನು ಈ ಕೆಲಸದಲ್ಲಿ ಕಂಡದ್ದು ಅದನ್ನೇ.

ಇನ್ನು ಕಲಿಸುವ ಮಾತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದ ಪಠ್ಯದಲ್ಲಿ 1978ರ 8086 ಪ್ರೊಸೆಸರ್ ಹಿಂದೆ ಸರಿದು ಆರ್ಮ್ ಬಂದಿರುವುದು ಒಳ್ಳೆಯ ಬದಲಾವಣೆ. ವಿದ್ಯಾರ್ಥಿಯ ಜೇಬಿನ ಫೋನಿನಲ್ಲಿರುವುದೂ ಅದೇ ಕುಟುಂಬದ ಪ್ರೊಸೆಸರ್. ಆದರೆ ಪ್ರಯೋಗಾಲಯದ ಪಟ್ಟಿ ಬದಲಾಗಿರುವುದು ಹೆಸರಿನಲ್ಲಿ ಮಾತ್ರ. ಸರಣಿಯಲ್ಲಿ ಅತಿ ದೊಡ್ಡ ಸಂಖ್ಯೆ ಹುಡುಕು, ಏರಿಕೆಯ ಕ್ರಮದಲ್ಲಿ ಜೋಡಿಸು, ಒಂದುಗಳನ್ನೂ ಸೊನ್ನೆಗಳನ್ನೂ ಎಣಿಸು ಎಂಬ ಪ್ರಯೋಗಗಳನ್ನು ರೆಕಾರ್ಡ್ ಪುಸ್ತಕದಿಂದ ಬಾಯಿಪಾಠ ಮಾಡಿ ಪರೀಕ್ಷೆಯ ದಿನ ಒಪ್ಪಿಸುವ ರೂಢಿ ಹಾಗೆಯೇ ಇದೆ. ಈ ಪ್ರಯೋಗಗಳು ಕೆಟ್ಟವಲ್ಲ. ಆದರೆ ಇಂದು ಯಾವ ಉದ್ಯೋಗದಲ್ಲೂ ಯಾರೂ ಅವನ್ನು ಅಸೆಂಬ್ಲಿಯಲ್ಲಿ ಬರೆಯುವುದಿಲ್ಲ ಎಂದು ವಿದ್ಯಾರ್ಥಿಗೆ ಚೆನ್ನಾಗಿ ಗೊತ್ತಿದೆ. ಹಾಗಾಗಿ ವಿಷಯವೇ ನಿರುಪಯುಕ್ತ ಎಂಬ ತೀರ್ಮಾನಕ್ಕೆ ಅವರು ಬರುವುದು ಸಹಜ.

ಅದೇ ಎರಡು ಗಂಟೆಯ ಪ್ರಯೋಗವನ್ನು ತಿರುಗಿಸಿ ಇಡಬಹುದು. ಹತ್ತು ಸಾಲಿನ ಸಿ ಪ್ರೋಗ್ರಾಂ ಕೊಟ್ಟು, ಅದನ್ನು ಆಪ್ಟಿಮೈಸೇಷನ್ (ಕಂಪೈಲರ್ ತಾನೇ ಕೋಡನ್ನು ಚುರುಕುಗೊಳಿಸುವ ಆಯ್ಕೆ) ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ ಕಂಪೈಲ್ ಮಾಡಿಸಿ, ಎರಡು ಅಸೆಂಬ್ಲಿ ಪಟ್ಟಿಗಳ ನಡುವೆ ಏನು ಬದಲಾಯಿತು, ಯಾಕೆ ಬದಲಾಯಿತು ಎಂದು ಬರೆಸಬಹುದು. ಇದಕ್ಕೆ ದುಬಾರಿ ಕಿಟ್ ಬೇಡ. ಮ್ಯಾಟ್ ಗಾಡ್‌ಬೋಲ್ಟ್ 2012ರಲ್ಲಿ ಆರಂಭಿಸಿದ ಕಂಪೈಲರ್ ಎಕ್ಸ್‌ಪ್ಲೋರರ್ ಉಚಿತವಾಗಿ ಫೋನಿನ ಬ್ರೌಸರಿನಲ್ಲೇ ತೆರೆಯುತ್ತದೆ: ಎಡಕ್ಕೆ ಸಿ, ಬಲಕ್ಕೆ ಅಸೆಂಬ್ಲಿ, ಯಾವ ಸಾಲಿನಿಂದ ಯಾವ ಸೂಚನೆ ಹುಟ್ಟಿತೆಂದು ಬಣ್ಣ ಹಚ್ಚಿ ತೋರಿಸುತ್ತದೆ. ಮೂಲ ಕೋಡಿಲ್ಲದ ಪ್ರೋಗ್ರಾಮನ್ನು ಬಿಚ್ಚಿ ಓದಲು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ 2019ರಲ್ಲಿ ಮುಕ್ತವಾಗಿ ಬಿಟ್ಟ ಘಿದ್ರಾ ಇದೆ. 8051 ಎಂಬ ಹಳೆಯ ನಿಯಂತ್ರಕ ಚಿಪ್ಪಿನ ಕಿಟ್ಟುಗಳು ಇನ್ನೂ ಇರುವ ಡಿಪ್ಲೊಮಾ ಕಾಲೇಜುಗಳು ಅವನ್ನು ಎಸೆಯಬೇಕಾಗಿಲ್ಲ. 12 ಮೆಗಾಹರ್ಟ್ಸ್ ಸ್ಫಟಿಕದಲ್ಲಿ ಅದರ ಒಂದು ಯಂತ್ರಾವರ್ತ (ಸರಳ ಸೂಚನೆಯೊಂದು ನಡೆಯಲು ಬೇಕಾದ ಹೊತ್ತು) ಸರಿಯಾಗಿ ಒಂದು ಮೈಕ್ರೋಸೆಕೆಂಡ್. ಎಣಿಕೆಯಿಂದ ಒಂದನ್ನು ಇಳಿಸಿ, ಸೊನ್ನೆಯಾಗದಿದ್ದರೆ ಮತ್ತೆ ಹಾರುವ ಸೂಚನೆಗೆ ಎರಡು ಆವರ್ತ. ಆ ಸುತ್ತು 250 ಬಾರಿ ತಿರುಗಿದರೆ 500 ಮೈಕ್ರೋಸೆಕೆಂಡ್. ಕಾಗದದ ಮೇಲೆ ಲೆಕ್ಕ ಹಾಕಿದ ಸಮಯವನ್ನು ಆಸಿಲೋಸ್ಕೋಪಿನ ಪರದೆಯ ಮೇಲೆ ಹಾಗೆಯೇ ನೋಡುವ ಸಂತೋಷವನ್ನು ಇಂದಿನ ದೊಡ್ಡ ಪ್ರೊಸೆಸರುಗಳು ಕೊಡಲಾರವು. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪಠ್ಯದ ಮುಂದೆ ಹಿಂಜರಿಯುವ ವಿದ್ಯಾರ್ಥಿಗಳು ಈ ವಿಷಯದಲ್ಲಿ ಬೇಗ ಮುಂದೆ ಬರುವುದನ್ನು ನಾನು ಕಂಡಿದ್ದೇನೆ, ಏಕೆಂದರೆ ಇಲ್ಲಿ ಭಾಷೆಯ ಭಾರ ಕಡಿಮೆ. ಮೂವತ್ತು ನಲವತ್ತು ಪದಗಳನ್ನು ಕಲಿತರೆ ಉಳಿದದ್ದು ತಾಳ್ಮೆ ಮತ್ತು ಲೆಕ್ಕ.

ಕಳೆದ ವರ್ಷ ಮಂಡ್ಯದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ್ಕೆ ಹೋದಾಗ, ನನ್ನ ಸ್ಟಾರ್ಟರಿನ ಸಿ ಕಡತವನ್ನೂ ಹಳೆಯ ಹಾಗೂ ಹೊಸ ಕಂಪೈಲರಿನ ಎರಡು ಅಸೆಂಬ್ಲಿ ಪಟ್ಟಿಗಳನ್ನೂ ಮುದ್ರಿಸಿಕೊಂಡು ಹೋಗಿದ್ದೆ. ಕಾಣೆಯಾದ ಬಿಡುವನ್ನು ಹುಡುಕಿ ಎಂದು ಹೇಳಿ ಅರ್ಧ ಗಂಟೆ ಕೊಟ್ಟೆ. ಹಲವರು ಅದನ್ನು ಕಂಡುಹಿಡಿದರು. ಮಳವಳ್ಳಿ ಕಡೆಯ ಒಬ್ಬ ವಿದ್ಯಾರ್ಥಿನಿ ಮಾತ್ರ ಪಟ್ಟಿಯ ಮೂರನೆಯ ಹಾಳೆಯನ್ನು ಹಿಡಿದುಕೊಂಡು ಮುಂದೆ ಬಂದು, "ಸರ್, ಇಲ್ಲೂ ಒಂದು ಸುತ್ತು ಕಾಣ್ತಿಲ್ಲವಲ್ಲ" ಎಂದಳು. ಮೂರು ಫೇಸುಗಳ ವೋಲ್ಟೇಜನ್ನು ಒಂದಾದ ಮೇಲೊಂದರಂತೆ ಅಳೆಯುವಾಗ, ಒಂದರಿಂದ ಇನ್ನೊಂದಕ್ಕೆ ಬದಲಿಸಿದ ಮೇಲೆ ಮಟ್ಟ ನೆಲೆಗೊಳ್ಳಲೆಂದು ನಾನು ಹಾಕಿದ್ದ ಪುಟ್ಟ ಬಿಡುವು ಅದು. ಮೊದಲ ತಪ್ಪನ್ನು ತಿದ್ದಿ ಬಿಡುವಿಗೆ ಟೈಮರ್ ಬಳಸತೊಡಗಿದಾಗ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ವೋಲ್ಟೇಜ್ ಸರಿಯಿದ್ದರೂ ಕೆಲವು ರಾತ್ರಿ ಮೋಟರ್ ಏಳುವುದಿಲ್ಲ ಎಂದು ಎರಡು ಊರುಗಳಿಂದ ಬಂದಿದ್ದ ದೂರಿಗೆ ಕಾರಣ ಆಗ ತಿಳಿಯಿತು. ಮರುದಿನ ಬೆಳಿಗ್ಗೆ ಹೆಬ್ಬಾಳಕ್ಕೆ ಹೋದವನೇ ಅಲ್ಲಿಗೂ ಟೈಮರ್ ಹಾಕಿ, ಹೊರಬಂದ ಪಟ್ಟಿಯನ್ನು ಈ ಸಲ ಮೊದಲಿನಿಂದ ಕೊನೆಯವರೆಗೆ ಓದಿ, ಬೋರ್ಡುಗಳನ್ನು ಕಳಿಸಿದೆ.